ಬೆಲ್ಲ ಹಾಕಿ ಬೇಯಿಸಿದ ಡೇರೆ

ಮಂಕಿ ಊರಿಗೆ ಬಂದು ರವೀಂದ್ರ ಮಾಸ್ತರರ ಮನೆ ಎಲ್ಲಿ ಎಂದು ಕೇಳಿದರೆ ಜನ ತಕ್ಷಣ ದಾರಿ ತೋರಿಸುವುದಿಲ್ಲ. ಮೊದಲು ನಗುತ್ತಾರೆ. ಆಮೇಲೆ "ಡೇರೆ ತಿಂದ ಮಾಸ್ತರ್ರಾ?" ಎಂದು ಖಚಿತ ಮಾಡಿಕೊಳ್ಳುತ್ತಾರೆ. ದಾರಿ ಹೇಳುವುದು ಅದಾದ ಮೇಲೆ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿ ಅವನು ಕಷ್ಟಪಟ್ಟು ಗಳಿಸಿದ ಹೆಸರು ಒಂದೇ ಮಧ್ಯಾಹ್ನ, ಒಂದು ಪಾತ್ರೆ ಕುದಿಯುವ ನೀರಿನಲ್ಲಿ ಬೆಂದುಹೋಯಿತು. ಈ ವಿಷಯದಲ್ಲಿ ಅವನಿಗೆ ಯಾರ ಮೇಲೂ ಸಿಟ್ಟಿಲ್ಲ. ಅವನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ.

ಚೌತಿಗೆ ಇನ್ನು ನಾಲ್ಕು ದಿನ ಇತ್ತು. ಮಳೆ ಸ್ವಲ್ಪ ಬಿಡುವು ಕೊಟ್ಟ ಬೆಳಿಗ್ಗೆ ಅವನು ಜಗಲಿಯ ಮೆಟ್ಟಿಲ ಮೇಲೆ ಚಾ ಲೋಟ ಹಿಡಿದು ಕೂತಿದ್ದ. ಎದುರಿಗೆ ಅಂಗಳದ ತುಂಬ ಡೇರೆ ಹೂವು, ಪೇಟೆಯವರು ಡೇಲಿಯಾ ಎನ್ನುವುದು. ಕೆಂಪು, ಬಿಳಿ, ನೇರಳೆ, ತಿಳಿಗುಲಾಬಿ. ಕೆಲವು ಊಟದ ತಟ್ಟೆಯಷ್ಟು ದೊಡ್ಡವು, ಕೆಲವು ಅಂಗಿಯ ಗುಂಡಿಗಿಂತ ಸ್ವಲ್ಪವೇ ದೊಡ್ಡವು. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಅಪ್ಪ ಸೋಮಯ್ಯನ ಕಾಲದಲ್ಲೂ ಈ ಅಂಗಳ ಇಷ್ಟು ಬಣ್ಣ ಕಂಡಿರಲಿಲ್ಲ. ರವೀಂದ್ರನಿಗೆ ಖುಷಿಯಾಗಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. ಆದರೆ ಅವನ ಕಣ್ಣೆಲ್ಲ ತುಳಸಿಕಟ್ಟೆಯ ಪಕ್ಕದ ಒಂದು ಗಿಡದ ಮೇಲೆ. ಅದರ ತುದಿಯ ಮೊಗ್ಗು ನಿನ್ನೆ ಸಂಜೆಯಷ್ಟೇ ಬಿರಿಯಲು ಶುರುವಾಗಿತ್ತು. ಒಳಗೆ ಹಳದಿ ಇಣುಕಿತ್ತು. ಅಂಚು ಕೆಂಪೋ ಅಲ್ಲವೋ ಇನ್ನೂ ತಿಳಿಯುತ್ತಿರಲಿಲ್ಲ. ಕೆಂಪಾದರೆ ಅವನ ಅಮ್ಮ ಗಣಪಿ ಮೂರು ತಿಂಗಳ ಮೇಲೆ ಈ ಜಗಲಿಗೆ ಬಂದಾಳು. ಆಗದಿದ್ದರೆ, ಅಪ್ಪ ಅವಳಿಗಾಗಿ ಬಿಟ್ಟುಹೋದ ಒಂದೇ ಒಂದು ಗುರುತನ್ನು ಮಗ ತಿಂದು ತೇಗಿದ ಹಾಗಾಯಿತು.

ಸೋಮಯ್ಯ ಭಟ್ಕಳ-ಕುಮಟಾ ಲೋಕಲ್ ಬಸ್ಸಿನ ಡ್ರೈವರ್ ಆಗಿದ್ದವನು. ಮೂವತ್ತು ವರ್ಷ ಅದೇ ರಸ್ತೆ, ಅದೇ ಸ್ಟಾಪುಗಳು. ಅವನ ಸೀಟಿನ ಹಿಂದೆ ಒಂದು ಕೈಚೀಲ ತೂಗುತ್ತಿತ್ತು. ಅದರಲ್ಲಿ ಊಟದ ಡಬ್ಬಿ, ಡಬ್ಬಿಯ ಪಕ್ಕ ನಾಲ್ಕಾರು ಡೇರೆ ಗಡ್ಡೆ. ಯಾರದ್ದಾದರೂ ಅಂಗಳದಲ್ಲಿ ಹೊಸ ಬಣ್ಣ ಕಂಡರೆ ಬಸ್ಸು ತಾನಾಗಿಯೇ ನಿಧಾನವಾಗುತ್ತಿತ್ತು. ಸ್ಟಾಪಿನಲ್ಲಿ ಆ ಮನೆಯವರು ಸಿಕ್ಕಿದರೆ ಮಾತಾಡಿಟ್ಟು, ಮಳೆಗಾಲದ ಮೊದಲು ಅವರ ಗಡ್ಡೆ ಇಸಿದುಕೊಂಡು ತನ್ನದನ್ನು ಕಿಟಕಿಯಿಂದಲೇ ಅವರ ಕೈಗಿಡುತ್ತಿದ್ದ. ಹೀಗೆ ಭಟ್ಕಳ ಕಡೆಯ ಬೆಳಕೆಯಿಂದ ಕುಮಟಾ ಕಡೆಯ ಬಾಡದವರೆಗೆ ಎಷ್ಟೋ ಅಂಗಳಗಳಲ್ಲಿ ಅವನ ಡೇರೆ ಇತ್ತು.

ಗಡ್ಡೆ ಕಾಯುವುದರಲ್ಲಿ ಅವನದೊಂದು ಕ್ರಮ. ತುಳಸಿ ಲಗ್ನ ಕಳೆದು ಗಿಡ ಒಣಗಿದ ಮೇಲೆ ಅಗೆದು, ನೆರಳಲ್ಲಿ ಆರಿಸಿ, ಒಂದೊಂದೇ ಬಿಡಿಸಿ, ಒಲೆಯ ಬೂದಿಯಲ್ಲಿ ಹೊರಳಾಡಿಸಿ, ಗೋಣಿಚೀಲದಲ್ಲಿ ತುಂಬಿ ಅಡುಗೆಮನೆಯ ಅಟ್ಟಕ್ಕೆ ಏರಿಸುವುದು. ಜೂನಿನ ಮೊದಲ ಗಟ್ಟಿ ಮಳೆ ಬಿದ್ದ ಮೇಲೆ ಇಳಿಸುವುದು. ಇದನ್ನು ಬೇರೆ ಯಾರಿಗೂ ಅವನು ಮುಟ್ಟಗೊಡುತ್ತಿರಲಿಲ್ಲ. ರವೀಂದ್ರನ ಪಾಲಿನ ಕೆಲಸವೆಂದರೆ ಹೂವು ಅರಳಿದ ಮೇಲೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು ಮತ್ತು ಬಂದ ನೆಂಟರಿಗೆ ಅದರ ಶಾಸ್ತ್ರೀಯ ಹೆಸರು ಹೇಳುವುದು.

ಕಳೆದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಎರಡು ದೋಸೆ ತಿಂದು, ಮೂರನೆಯದು ಬೇಡ ಎಂದು ಕೈ ತೊಳೆಯಲು ಎದ್ದ ಸೋಮಯ್ಯ ಬಚ್ಚಲಿನ ಬಾಗಿಲಲ್ಲಿ ಕುಸಿದ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರ್ಯಗಳೆಲ್ಲ ಆದ ಮೇಲೆ, ಪದ್ಧತಿಯಂತೆ ಗಣಪಿಯನ್ನು ಅವಳ ತಮ್ಮ ಬಂದು ತವರುಮನೆ ಬೆಳಕೆಗೆ ಒಂದು ತಿಂಗಳಿಗೆಂದು ಕರೆದುಕೊಂಡು ಹೋದ. ಮನೆಯಲ್ಲಿ ಉಳಿದವರು ರವೀಂದ್ರ ಮತ್ತು ಅವನ ಹೆಂಡತಿ ಪೂರ್ಣಿಮಾ.

ಆ ದಿನಗಳಲ್ಲಿ ರವೀಂದ್ರನ ದುಃಖ ನಿಜವಾದದ್ದೇ. ಬಾಗಿಲಲ್ಲಿದ್ದ ಅಪ್ಪನ ಚಪ್ಪಲಿ ತೆಗೆಯಲಾಗದೆ ದಿನಾ ಅದನ್ನು ಸುತ್ತಿಕೊಂಡು ಒಳಗೆ ಬರುತ್ತಿದ್ದ. ಆದರೆ ಅವನ ದುಃಖಕ್ಕೆ ಒಂದು ಕೆಟ್ಟ ಚಾಳಿಯಿತ್ತು: ಯಾರಾದರೂ ನೋಡುತ್ತಿದ್ದರೆ ಅದು ಸ್ವಲ್ಪ ಹೆಚ್ಚಾಗುತ್ತಿತ್ತು. ಒಂದು ಭಾನುವಾರ ಏನೋ ಕಾಗದ ಹುಡುಕಲು ಅಟ್ಟ ಹತ್ತಿದವನು ಗೋಣಿಚೀಲ ಕಂಡ, ಬಿಚ್ಚಿದ, ಬೂದಿ ಮೆತ್ತಿದ ಗಡ್ಡೆಗಳನ್ನು ನೋಡಿ ಅಲ್ಲೇ ಕೂತುಬಿಟ್ಟ. ಅಪ್ಪ ಪ್ರತಿ ವರ್ಷ ಬಾವಿಯ ಹತ್ತಿರ ನಾಲ್ಕು ಸಾಲು ಗೆಣಸು ಹಾಕುತ್ತಿದ್ದ. ಸಾಯುವ ಮೊದಲು ಮಗನಿಗೆಂದು ಅಗೆದು ಕೂಡಿಟ್ಟು ಹೋಗಿದ್ದಾನೆ ಎಂದು ರವೀಂದ್ರ ತೀರ್ಮಾನಿಸಿದ. ಚೀಲವನ್ನು ಮಗುವನ್ನೆತ್ತಿದ ಹಾಗೆ ಎತ್ತಿಕೊಂಡು ಏಣಿ ಇಳಿದ.

ಪೂರ್ಣಿಮಾ ಒಂದು ಗಡ್ಡೆ ಎತ್ತಿ ತಿರುಗಿಸಿ ನೋಡಿದಳು. "ಇದು ಗೆಣಸು ಹೌದಾ? ಇದ್ರ ಬಾಲ ನೋಡಿ, ಎಂತದೋ ಕಟ್ಟಿಗೆ ಇದ್ದಾಂಗದೆ."

"ಪೂರ್ಣಿಮಾ," ಎಂದ ರವೀಂದ್ರ, ಕಣ್ಣೊರೆಸಿಕೊಳ್ಳುತ್ತ, "ಮನೇಲಿ ವಿಜ್ಞಾನ ಮಾಸ್ತರ ನಾನಾ, ನೀನಾ?"

ಇಂಥ ಪ್ರಶ್ನೆಗೆ ಉತ್ತರ ಕೊಟ್ಟು ಗಂಡನ ಮರ್ಯಾದೆ ಕಳೆಯುವ ಹೆಂಗಸಲ್ಲ ಅವಳು. ಪಾತ್ರೆ ಕೊಟ್ಟಳು.

ಚೀಲದಲ್ಲಿದ್ದ ಅಷ್ಟೂ ಗಡ್ಡೆ ಒಂದು ಗಂಟೆ ಕುದಿದರೂ ಮೆತ್ತಗಾಗಲಿಲ್ಲ. ಇನ್ನೂ ಅರ್ಧ ಗಂಟೆ ಕುದಿಸಿದ. ಬೆಲ್ಲ ಹಾಕಿದ, ಸಾಲದೆಂದು ಮತ್ತೆ ಹಾಕಿದ. ಬಾಯಿಗಿಟ್ಟರೆ ನಾರು ನಾರು, ನೀರು ನೀರು, ಕೊನೆಯಲ್ಲಿ ಒಂದಿಷ್ಟು ಕಹಿ. ಪೂರ್ಣಿಮಾ ಒಂದು ತುಂಡು ಕಚ್ಚಿ, ಹೊರಗೆ ಏನೋ ಸದ್ದಾಯಿತೆಂದು ಎದ್ದುಹೋದವಳು ಮರಳಿ ಬರಲಿಲ್ಲ. ರವೀಂದ್ರ ಮಾತ್ರ ಕಣ್ಣು ಮುಚ್ಚಿ ತಿಂದ. ಅಪ್ಪ ಇಲ್ಲದ ಮನೆಯಲ್ಲಿ ಗೆಣಸೂ ಕಹಿಯಾಗುತ್ತದೆ ಎಂದುಕೊಂಡ. ಈ ಮಾತು ಅವನಿಗೇ ಬಹಳ ಹಿಡಿಸಿತು. ತಟ್ಟೆಯ ಫೋಟೋ ತೆಗೆದು, "ಅಪ್ಪ ಬಿಟ್ಟುಹೋದ ಕೊನೆಯ ಗೆಣಸು. ಸಿಹಿ ನಿನ್ನದು, ಕಣ್ಣೀರು ನನ್ನದು" ಎಂದು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದ. ಊರಿಗೂರೇ ಕೈಮುಗಿದ ಚಿತ್ರ ಕಳಿಸಿತು.

ಮೂರು ದಿನ ಅದೇ ತಿಂದ. ಶಾಲೆಗೆ ಡಬ್ಬಿಯಲ್ಲಿ ಒಯ್ದು ಸ್ಟಾಫ್ ರೂಮಿನಲ್ಲಿ ಹಂಚಿದ. ದುಃಖದಲ್ಲಿರುವ ಮನುಷ್ಯನ ಮುಂದೆ ಉಗುಳಲಾಗದೆ ಸಹೋದ್ಯೋಗಿಗಳೆಲ್ಲ ನುಂಗಿದರು. ಉಳಿದದ್ದನ್ನು ಪಕ್ಕದ ಮನೆಯ ದಾಸನ ಎಮ್ಮೆಗೆ ಹಾಕಿದ. ಎಮ್ಮೆಗೆ ಯಾರ ದುಃಖದ ಹಂಗೂ ಇರಲಿಲ್ಲ. ಅದು ಮೂಸಿ ಮುಖ ತಿರುಗಿಸಿ, ಗಡ್ಡೆಯನ್ನೆಲ್ಲ ಗೊಬ್ಬರದ ಗುಂಡಿಯ ಪಾಲು ಮಾಡಿತು. ಈ ಇಡೀ ವ್ಯವಹಾರದಲ್ಲಿ ಸಸ್ಯಶಾಸ್ತ್ರ ಬಲ್ಲ ಪ್ರಾಣಿ ಅದೊಂದೇ.

ಜೂನಿನಲ್ಲಿ ಮಳೆ ಹಿಡಿಯಿತು. ಅಷ್ಟರಲ್ಲಿ ಗಣಪಿ ತವರಿನಿಂದ ಮರಳಿದ್ದಳು. ಮಾತು ಕಡಿಮೆಯಾಗಿತ್ತು, ಹೊತ್ತು ಹೊತ್ತಿಗೆ ಜಗಲಿಯಲ್ಲಿ ಬಂದು ಕೂರುತ್ತಿದ್ದಳು. ಒಂದು ಬೆಳಿಗ್ಗೆ ತಾನೇ ಗುದ್ದಲಿ ತಂದು ಅಂಗಳದಲ್ಲಿಟ್ಟು ಮಗನನ್ನು ಕರೆದಳು.

"ರವಿ, ಅಟ್ಟದ ಮೇಲಿನ ಡೇರೆ ಗಡ್ಡೆ ಇಳ್ಸಾ. ನಿನ್ನಪ್ಪ ಇದ್ದಿದ್ರೆ ಇಷ್ಟೊತ್ತಿಗೆ ನೆಟ್ಟಾಗ್ತಿತ್ತು."

ರವೀಂದ್ರ ಉತ್ಸಾಹದಿಂದ ಏಣಿ ಹತ್ತಿದ. ಅರ್ಧ ಹತ್ತುವಷ್ಟರಲ್ಲಿ ಅವನ ಕಾಲು ನಿಂತಿತು. ಕಣ್ಣ ಮುಂದೆ ಪಾಠಪುಸ್ತಕದ ಒಂದು ಪುಟ ತೆರೆದುಕೊಂಡಿತು. ಆಹಾರ ಸಂಗ್ರಹಿಸುವ ಬೇರುಗಳು: ಮೊದಲನೇ ಚಿತ್ರ ಗೆಣಸು, ಎರಡನೇ ಚಿತ್ರ ಡೇರೆ. ವರ್ಷ ವರ್ಷವೂ ಆ ಪುಟಕ್ಕೆ ಬಂದಾಗ ಅವನು ಬೆತ್ತದಿಂದ ಮೇಜು ಬಡಿದು, "ಇವೆರಡನ್ನೂ ಅದಲು ಬದಲು ಮಾಡ್ಬೇಡಿ, ಪರೀಕ್ಷೆಗೆ ಬರ್ತದೆ" ಎಂದು ಎಚ್ಚರಿಸುತ್ತಿದ್ದ. ಪರೀಕ್ಷೆ ಬಂದಿತ್ತು. ಅವನು ಉತ್ತರವನ್ನು ಬೆಲ್ಲ ಹಾಕಿ ತಿಂದಿದ್ದ.

ಏಣಿಯ ಮೇಲೆ ನಿಂತೇ ವಿಷಯ ಹೇಳಿದ. ಕೆಳಗಿಳಿದರೆ ಹೇಳುವ ಧೈರ್ಯ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೆಳಗೆ ಏಣಿ ಹಿಡಿದಿದ್ದ ಗಣಪಿ ಬಯ್ಯಲಿಲ್ಲ, ಅಳಲಿಲ್ಲ. ಏಣಿಯಿಂದ ಕೈ ತೆಗೆದಳು.

"ಆತು," ಎಂದಳು. ಹಿತ್ತಲಿಗೆ ಹೋಗುತ್ತ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು. "ಬೇರೆದೆಲ್ಲ ಹೋದ್ರೆ ಹೋಗ್ಲಿ. ಆ ಹಳದಿದೊಂದು ಉಳ್ದಿದ್ರೆ ಸಾಕಾಗಿತ್ತು. ಕೆಂಪಂಚಿಂದು. ನಮ್ಮ ಮದ್ವೆ ಆದ ವರ್ಷ ತಂದದ್ದು ಅವ್ರು."

ಅಂದಿನಿಂದ ಅವಳು ಜಗಲಿಗೆ ಬರುವುದನ್ನು ಬಿಟ್ಟಳು. ಹಿತ್ತಲ ಬಾಗಿಲಲ್ಲಿ, ಬಾವಿಯ ಕಡೆ ಮುಖ ಮಾಡಿ ಕೂರತೊಡಗಿದಳು. ಬಯ್ದಿದ್ದರೆ ರವೀಂದ್ರ ತಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದ. ಆ ಬೆನ್ನಿಗೆ ಏನು ಹೇಳುವುದು?

ಮುಂದಿನ ಭಾನುವಾರವೇ ಅವನು ಸ್ಕೂಟರ್ ತೆಗೆದು ಹೊರಟ. ಅಪ್ಪ ಗಡ್ಡೆ ಹಂಚಿದ ಅಂಗಳಗಳಲ್ಲಿ ಎಲ್ಲೋ ಒಂದು ಕಡೆ ಆ ಹಳದಿ ಇರಲೇಬೇಕು. ಗುರುತು ತೋರಿಸಲು ಮೊಬೈಲಿನಲ್ಲಿ ಒಂದು ಫೋಟೋ ಇತ್ತು. ಅದು ಅಪ್ಪ ನಿವೃತ್ತನಾದ ವರ್ಷ ಡೇರೆಯ ಪಕ್ಕ ನಿಂತದ್ದು, ತೆಗೆದವನು ರವೀಂದ್ರನೇ. ತನ್ನ ಹೊಸ ಬೈಕು ಪೂರ್ತಿ ಬರಲೆಂದು ಅವನು ಹೂವನ್ನು ಚೌಕಟ್ಟಿನ ಹೊರಗೆ ಬಿಟ್ಟಿದ್ದ. ಹಾಗಾಗಿ ಮನೆ ಮನೆಯಲ್ಲೂ ಒಂದು ಎಲೆ, ಅರ್ಧ ಅಪ್ಪ ಮತ್ತು ಇಡೀ ಬೈಕು ತೋರಿಸಿ, "ಇದ್ರ ಪಕ್ಕದಲ್ಲಿದ್ದ ಹೂವು" ಎಂದು ಬಣ್ಣಿಸಬೇಕಾಯಿತು.

ಕಾರಣ ಮುಚ್ಚಿಟ್ಟು ಕೇಳೋಣವೆಂದುಕೊಂಡಿದ್ದ. ಆದರೆ ಸ್ಟೇಟಸ್ಸು ನೋಡಿ ಕೈಮುಗಿದ ಊರು ಅದರ ಮುಂದಿನ ಕಥೆಯನ್ನೂ ಅಷ್ಟೇ ಶ್ರದ್ಧೆಯಿಂದ ಹಬ್ಬಿಸಿತ್ತು. ದಾಸ ತನ್ನ ಎಮ್ಮೆಯ ಬುದ್ಧಿವಂತಿಕೆಯನ್ನು ಹಾಲು ಹಾಕುವ ಮನೆಗಳಿಗೆಲ್ಲ ಹೇಳಿದ್ದ. ಬೆಳಕೆಯಲ್ಲಿ ತಿಮ್ಮ ಎಂಬ ಹಳೇ ಕಂಡಕ್ಟರು, ಅಪ್ಪನ ಜೊತೆ ಹತ್ತು ವರ್ಷ ಅದೇ ಬಸ್ಸಿನಲ್ಲಿದ್ದವರು, ಗೇಟಿನಲ್ಲೇ ಕೇಳಿದರು. "ಬನ್ನಿ ಮಾಸ್ತರೇ. ಗಡ್ಡೆ ನೆಡೂಕಾ, ಬೇಯ್ಸೂಕಾ?"

ಹಳದಿಯದು ಅವರಲ್ಲಿರಲಿಲ್ಲ. ಆದರೆ ಬರಿಗೈಲಿ ಕಳಿಸಲಿಲ್ಲ. ಮೊಳಕೆಯೊಡೆದ ಎರಡು ಕೆಂಪು ಗಡ್ಡೆ ಕೊಟ್ಟರು. "ನಿಮ್ಮಪ್ಪ ಕೊಟ್ಟದ್ದೇ ಇದು. ಅವ್ರು ಬಸ್ಸಲ್ಲಿ ಯಾರೆಂತ ಡೇರೆ ಬಗ್ಗೆ ಕೇಳಿದ್ರೂ, ನನ್ನ ಮಗ ವಿಜ್ಞಾನ ಮಾಸ್ತರ, ಅವಂಗೆ ಬೇರು ಕಂಡ್ರೆ ಸಾಕು, ಗಿಡದ ಜಾತಕ ಹೇಳ್ತಾನೆ ಅಂತಿದ್ರು."

ರವೀಂದ್ರ ನಕ್ಕ. ಗೇಟು ದಾಟಿ ಸ್ಕೂಟರಿನ ಹತ್ತಿರ ಬಂದ ಮೇಲೆ ನಗು ನಿಂತಿತು. ಅಪ್ಪ ಇದನ್ನು ಮನೆಯಲ್ಲಿ ಒಂದು ದಿನವೂ ಅಂದಿರಲಿಲ್ಲ. ಮನೆಯಲ್ಲಿ ಅಂದದ್ದು, "ಫೋಟೋ ತೆಗ್ದಾದ್ರೆ ಆ ಕೊಡಪಾನ ಇತ್ಲಾಗೆ ತಾ" ಎಂದಷ್ಟೇ. ಈ ಮಗನ ಮೇಲೆ ಅಷ್ಟು ಹೆಮ್ಮೆ ಇಟ್ಟುಕೊಂಡಿದ್ದ ಮನುಷ್ಯ! ರವೀಂದ್ರನಿಗೆ ಅಪ್ಪ ಬೇಕೆನಿಸಿತು. ಸ್ಟೇಟಸ್ಸಿಗಲ್ಲ, ಎದುರಿಗೆ ಬೇಕೆನಿಸಿತು. ರಸ್ತೆಯಲ್ಲಿ ಯಾರೂ ಇರಲಿಲ್ಲ, ಆದರೂ ಅಳು ಬಂತು.

ಐದು ಭಾನುವಾರ ಹೀಗೇ ಕಳೆಯಿತು. ಮನೆ ಮನೆಯಲ್ಲೂ ಮೊದಲು ನಗು, ಆಮೇಲೆ ಚಾ, ಆಮೇಲೆ ಅಪ್ಪನ ಒಂದು ಕಥೆ, ಹೊರಡುವಾಗ ಕೈಯಲ್ಲೊಂದು ಗಡ್ಡೆಯೋ ಸಸಿಯೋ. ಹೊನ್ನಾವರದ ಹತ್ತಿರ ಒಬ್ಬಾಕೆ ಗಡ್ಡೆಗೆ ಚೀಟಿ ಕಟ್ಟಿ, "ತಿನ್ನತಕ್ಕದ್ದಲ್ಲ" ಎಂದು ದುಂಡಗೆ ಬರೆದು ಕೊಟ್ಟಳು. ಆಕೆ ಅವನ ಹಳೇ ವಿದ್ಯಾರ್ಥಿನಿ. ಅಂಗಳ ತುಂಬುತ್ತ ಬಂತು, ಹಳದಿ ಮಾತ್ರ ಎಲ್ಲೂ ಇರಲಿಲ್ಲ. ಗಣಪಿ ಬಾವಿಯ ಕಡೆಯಿಂದ ತಿರುಗಲಿಲ್ಲ.

ಆರನೇ ಭಾನುವಾರ ಮಳೆ ಎಷ್ಟು ಜೋರಿತ್ತೆಂದರೆ ಸ್ಕೂಟರ್ ಬಿಟ್ಟು ಬಸ್ಸು ಹಿಡಿದು ಕುಮಟಾಕ್ಕೆ ಹೋದ. ಅಲ್ಲಿಂದ ಬಾಡಕ್ಕೆ. ಬಾಡದ ಬಂಗಾರಿ ಎಂಬಾಕೆ ವರ್ಷಗಟ್ಟಲೆ ಅಪ್ಪನ ಬಸ್ಸು ಹತ್ತಿ ತರಕಾರಿ ಬುಟ್ಟಿ ಹೊತ್ತು ಊರೂರು ಸುತ್ತಿ ಮಾರುತ್ತಿದ್ದವಳೆಂದು ತಿಮ್ಮ ಹೇಳಿದ್ದರು. ಈಗ ಎಂಬತ್ತು ದಾಟಿದೆ. ಬಾಗಿಲಲ್ಲಿ ಕೂತು ಹರಿವೆ ಸೊಪ್ಪು ಸೋಸುತ್ತಿದ್ದಳು. ರವೀಂದ್ರ ತಾನು ಯಾರ ಮಗನೆಂದು ಹೇಳಿ, ಅರ್ಧ ಅಪ್ಪನನ್ನೂ ಇಡೀ ಬೈಕನ್ನೂ ತೋರಿಸಲು ಮೊಬೈಲು ತೆಗೆದ.

"ನಂಗೆ ಅದೆಲ್ಲ ಕಾಣೂದಿಲ್ಲ ತಮಾ. ಎಂತ ಬಣ್ಣ ಹೇಳು."

"ಹಳದಿ. ಕೆಂಪಂಚು."

"ಗಣಪಿ ಡೇರೆಯಾ?"

ರವೀಂದ್ರ ಮೊಬೈಲು ಕೆಳಗಿಳಿಸಿದ. "ಎಂತ ಡೇರೆ?"

"ಗಣಪಿ. ನಿನ್ನಪ್ಪನೇ ಹೇಳದ್ದು. ಗಡ್ಡೆ ಕೊಟ್ಟಾಗ, ಇದ್ಕೆ ಹೆಸ್ರೆಂತ ಡ್ರೈವರ್ರೇ ಅಂತ ಕೇಳ್ದೆ. ಮೀಸೆ ಅಡಿಗೆ ನಕ್ಕಂಡು, ಗಣಪಿ ಅಂದ್ರು. ಯಾರದು ಅಂದೆ. ಮನೆಯವ್ಳು ಅಂದ್ರು. ಮನೇಲಿ ಹೆಸ್ರು ಹಿಡ್ದು ಕರೂಕೆ ನಾಚ್ಗೆ, ರಸ್ತೆ ಮೇಲಾದ್ರೂ ಕರೀವ ಅಂದ್ರು."

ನಲವತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದ ಅಪ್ಪ ಅಮ್ಮ ಒಬ್ಬರ ಹೆಸರು ಒಬ್ಬರು ಕರೆದದ್ದನ್ನು ರವೀಂದ್ರ ಕೇಳಿಯೇ ಇರಲಿಲ್ಲ. ಅಪ್ಪನಿಗೆ ಅಮ್ಮ "ಏ, ಕೇಳ್ತಾ", ಅವಳಿಗೆ ಅಪ್ಪ "ಅವ್ರು". ರೇಷನ್ ಕಾರ್ಡಿನವರು ಬಂದು ಗಂಡನ ಹೆಸರು ಕೇಳಿದಾಗಲೂ ಅಮ್ಮ ಮಗನ ಕಡೆ ಕೈ ತೋರಿಸಿದ್ದಳು. ಹಳೇ ಕಾಲದವರು, ಅವರಿಗೆ ಪ್ರೀತಿ ಗೀತಿ ಎಲ್ಲ ಗೊತ್ತಿಲ್ಲ ಎಂದು ರವೀಂದ್ರ ಹೆಂಡತಿಯ ಮುಂದೆ ಎಷ್ಟೋ ಸಲ ವಿಶ್ಲೇಷಣೆ ಮಾಡಿದ್ದ. ಬೇರಿನ ವಿಷಯದಲ್ಲಿ ಎಷ್ಟು ತಿಳಿದಿತ್ತೋ ಈ ವಿಷಯದಲ್ಲೂ ಅವನಿಗೆ ಅಷ್ಟೇ ತಿಳಿದಿತ್ತು.

ಬಂಗಾರಿ ಗಿಡ ತೋರಿಸಿದಳು. "ಆ ಮೂಲೆದು ಅದೇ ಇರ್ಬೇಕು. ಈಗ ಹೂವಿಲ್ಲ, ನಂಗೆ ಕಣ್ಣೂ ಇಲ್ಲ. ನಿನ್ನ ಅದೃಷ್ಟ, ಅಗ್ಕ ಹೋಗು."

ಮೊಣಕಾಲೆತ್ತರದ ಗಿಡವನ್ನು ಮಣ್ಣು ಸಮೇತ ಅಗೆದು ಬಕೆಟ್ಟಿನಲ್ಲಿಟ್ಟುಕೊಂಡು ಕುಮಟಾದಲ್ಲಿ ಬಸ್ಸು ಹತ್ತಿದ. ಅದು ಅಪ್ಪ ಓಡಿಸುತ್ತಿದ್ದ ಅದೇ ದಾರಿ. ಡ್ರೈವರ್ ಸೀಟಿನ ಹಿಂದೆ ಜಾಗ ಸಿಕ್ಕಿತು. ಬಕೆಟ್ಟು ತೊಡೆಯ ಮೇಲೆ. ಕಿಟಕಿಯಿಂದ ಎರಚಲು ಹೊಡೆಯುತ್ತಿತ್ತೆಂದು ತನ್ನ ರೇನ್‌ಕೋಟು ಬಿಚ್ಚಿ ಗಿಡಕ್ಕೆ ತೊಡಿಸಿದ. ಶರಾವತಿ ಸೇತುವೆ ದಾಟುವಾಗ ಪಕ್ಕದವನು ಒದ್ದೆ ಮುದ್ದೆಯಾದ ಮನುಷ್ಯನನ್ನೂ ಬೆಚ್ಚಗೆ ಕೂತ ಗಿಡವನ್ನೂ ನೋಡಿ ಇನ್ನೊಂದು ಸೀಟಿಗೆ ಹೋದ. ರವೀಂದ್ರನಿಗೆ ಅದರ ಪರಿವೆಯಿರಲಿಲ್ಲ. ಎದುರಿನ ಡ್ರೈವರನ ಬೆನ್ನು ನೋಡುತ್ತ ಮನಸ್ಸಿನಲ್ಲೇ, ತಪ್ಪಾಯಿತಪ್ಪ ಎಂದ.

ಮನೆಗೆ ಬಂದು ತುಳಸಿಕಟ್ಟೆಯ ಪಕ್ಕ ನೆಟ್ಟ. ಹೆಸರಿನ ವಿಷಯ ಅಮ್ಮನಿಗೆ ಹೇಳಲಿಲ್ಲ. ಹೂವು ಬೇರೆ ಬಣ್ಣದ್ದಾದರೆ? ಒಮ್ಮೆ ಅವಳ ಗಂಡನ ನೆನಪನ್ನು ತಿಂದಾಗಿತ್ತು. ಈಗ ಒಂದು ಆಸೆ ಹುಟ್ಟಿಸಿ ಅದನ್ನೂ ನುಂಗುವುದು ಬೇಡವೆನಿಸಿತು.

ಹೀಗಾಗಿ ಈ ಬೆಳಿಗ್ಗೆ ಅವನು ಮೆಟ್ಟಿಲ ಮೇಲೆ ಕೂತಿದ್ದ. ಬಿಸಿಲು ತೆಂಗಿನ ಮರಗಳ ಸಂದಿಯಿಂದ ಇಳಿದು ತುಳಸಿಕಟ್ಟೆ ಮುಟ್ಟಿತು. ಲೋಟ ಕೆಳಗಿಟ್ಟು ಎದ್ದುಹೋಗಿ ಬಗ್ಗಿ ನೋಡಿದ. ಹೊರಗಿನ ನಾಲ್ಕು ಎಸಳು ಬಿಚ್ಚಿದ್ದವು. ಹಳದಿ. ತುದಿಯಲ್ಲಿ ಕುಂಕುಮದ ಬೆರಳಿಟ್ಟ ಹಾಗೆ ಕೆಂಪು.

"ಅಮ್ಮಾ!" ಅವನು ಕೂಗಿದ ರೀತಿಗೆ ಪೂರ್ಣಿಮಾ ದೋಸೆ ಸಟ್ಟುಗ ಹಿಡಿದೇ ಓಡಿ ಬಂದಳು. ದಾಸ ಬೇಲಿಯಾಚೆಯಿಂದ ತಲೆ ಎತ್ತಿದ. ಗಣಪಿ ನಿಧಾನ ಬಂದಳು. ಜಗಲಿಯ ಕಂಬ ಹಿಡಿದು ನಿಂತಳು, ಆಮೇಲೆ ಮೆಟ್ಟಿಲಿಳಿದು ಗಿಡದ ಹತ್ತಿರ ಹೋದಳು. ಎಸಳನ್ನು ಬೆರಳಲ್ಲಿ ಎತ್ತಿ ಅಂಚು ನೋಡಿದಳು.

"ಅದೇ," ಎಂದಳು. "ಎಲ್ಲಿ ಸಿಕ್ತಾ?"

ರವೀಂದ್ರ ಬಾಡದ ಕಥೆ ಹೇಳಿದ. ಹೆಸರಿನ ಹತ್ತಿರ ಬಂದಾಗ ನಾಲಿಗೆ ತಡವರಿಸಿತು. ಇಪ್ಪತ್ತೆರಡು ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡವನಿಗೆ ಹೆತ್ತ ತಾಯಿಯ ಹೆಸರನ್ನು ಅವಳೆದುರು ಹೇಳಲು ಬಾಯಿ ಬರಲಿಲ್ಲ. ಕೊನೆಗೆ ನೆಲ ನೋಡುತ್ತ, "ಗಣಪಿ ಡೇರೆ ಅಂತಿದ್ನಂತೆ ಅಪ್ಪ. ಬಸ್ಸಲ್ಲಿ. ನಿನ್ನ ಹೆಸ್ರಂತೆ," ಎಂದ.

ಗಣಪಿಯ ಸೆರಗಿನ ತುದಿ ಬಾಯಿಗೆ ಹೋಯಿತು. ಅಳುತ್ತಾಳೆಂದು ಎಲ್ಲರೂ ಕಾದರು. ಅವಳು ಮಗನ ಕಡೆ ತಿರುಗಿದಳು.

"ಅಂದ್ರೆ ನೀನು ಮೂರು ದಿನ ಬೆಲ್ಲ ಹಾಕಿ ಬೇಯ್ಸಿ ತಿಂದದ್ದು ನನ್ನೇ ಅಂತಾತು."

ದಾಸ ಬೇಲಿ ಹಿಡಿದು ಕೂತುಬಿಟ್ಟ. ಪೂರ್ಣಿಮಾ ಸಟ್ಟುಗದಿಂದ ಮುಖ ಮುಚ್ಚಿಕೊಂಡಳು. ರವೀಂದ್ರನೂ ನಕ್ಕ, ಹೊಟ್ಟೆ ಹಿಡಿದು ನಕ್ಕ. ಫೆಬ್ರವರಿಯಿಂದ ಈ ಮನೆಯಲ್ಲಿ ಹೀಗೆ ಯಾರೂ ನಕ್ಕಿರಲಿಲ್ಲ.

ನಗು ಇಳಿಯುವಷ್ಟರಲ್ಲಿ ಗಣಪಿ ಮತ್ತೆ ಗಿಡದ ಕಡೆ ತಿರುಗಿದ್ದಳು. ಅತ್ತ ಇತ್ತ ನೋಡಲಿಲ್ಲ, ದನಿ ತಗ್ಗಿಸಲೂ ಇಲ್ಲ.

"ಎಂತ ಸೋಮಯ್ಯಾ," ಎಂದಳು ಹೂವಿಗೆ, "ಊರಿಗೆಲ್ಲ ಹೇಳ್ದೆ, ನಂಗೊಂದು ಹೇಳೂಕೆ ಆಗ್ಲಿಲ್ವಾ?"

ಅಪ್ಪನ ಹೆಸರು ಅಮ್ಮನ ಬಾಯಲ್ಲಿ ಬಂದದ್ದನ್ನು ರವೀಂದ್ರ ಹುಟ್ಟಿದ ಮೇಲೆ ಮೊದಲ ಸಲ ಕೇಳಿದ. ಅವನು ಮೊಬೈಲು ಜೇಬಿನಿಂದ ತೆಗೆಯಲಿಲ್ಲ. ಗಣಪಿ ಗಿಡದ ಬುಡದ ಹುಲ್ಲು ಕಿತ್ತಳು, ವಾಲಿದ ದಂಟಿಗೆ ಕೈಯಾಸರೆ ಕೊಟ್ಟಳು, ಹೋಗಿ ಒಂದು ಕೋಲು ತಾ, ಕಟ್ಟಬೇಕು ಎಂದಳು. ಅವನು ಹೊರಟ ಮೇಲೆ ಹಿಂದಿನಿಂದ ಕೂಗಿ, ಈ ಸಲ ಗಡ್ಡೆ ತಾನೇ ತೆಗೆದಿಡುವುದಾಗಿಯೂ ಅವನು ಅಟ್ಟ ಹತ್ತುವ ಅಗತ್ಯವಿಲ್ಲವೆಂದೂ ಹೇಳಿದಳು.